ತಂಗಿಯ ಕೆಲಸ ಏನೆಂದು ಕೇಳಿದವರಿಗೆ

ನನ್ನ ತಂಗಿ ಏನು ಕೆಲಸ ಮಾಡುತ್ತಾಳೆಂದು ನಾನು ಹದಿನೈದು ವರ್ಷ ಯಾರಿಗೂ ನಿಜ ಹೇಳಲಿಲ್ಲ. ಕೇಳಿದವರಿಗೆಲ್ಲ ‘ಡಿಸೈನ್ ಇಂಜಿನಿಯರು’ ಎನ್ನುತ್ತಿದ್ದೆ. ಅವಳು ನಾಟಕಗಳಿಗೆ ಸೆಟ್ ಹಾಕುವವಳು.

ನಾನು ಓದಿದ್ದು ಎಂಟನೇ ತರಗತಿ. ಮಂಡ್ಯದ ಕಡೆಯಿಂದ ಮದುವೆಯಾಗಿ ಅಮೆರಿಕದ ಸ್ಯಾನ್ ಹೊಸೆಗೆ ಬಂದೆ. ಇಲ್ಲಿ ನಮ್ಮವರು ಯಾರೇ ಸಿಕ್ಕರೂ ಮೊದಲು ಕೇಳುವುದು ‘ಯಾವ ಕಂಪನಿ?’ ಎಂದು. ನನ್ನ ಕಡೆಯವರಲ್ಲೂ ಒಬ್ಬರು ಇಂಜಿನಿಯರ್ ಇರಲಿ ಅನ್ನಿಸಿತು. ಒಮ್ಮೆ ಹೇಳಿದ್ದನ್ನು ಆಮೇಲೆ ತಿದ್ದಲು ಧೈರ್ಯ ಬರಲಿಲ್ಲ.

ಕಲೆ ಓದಲೆಂದು ಬಂದ ತಂಗಿ ಇಲ್ಲೇ ನಿಂತಳು. ಮೊದಲು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಟ್ಟೆ ಅಂಗಡಿಯ ಗಾಜಿನ ಹಿಂದೆ ಬೊಂಬೆಗಳಿಗೆ ಉಡುಪು ತೊಡಿಸಿ ನಿಲ್ಲಿಸುತ್ತಿದ್ದಳು. ಆಮೇಲೆ ಒಂದು ಮ್ಯೂಸಿಯಮ್ಮಿನಲ್ಲಿ ಮೀನಿನ ಎಲುಬುಗಳನ್ನು ಮಕ್ಕಳ ಕಣ್ಣಿನ ಎತ್ತರಕ್ಕೆ ಜೋಡಿಸಿದಳು. ಹತ್ತಿರದ ಎಮರಿವಿಲ್ ಊರಿನ ಒಂದು ಸ್ಟುಡಿಯೋದಲ್ಲಿ ಗೊಂಬೆ ಸಿನಿಮಾಗಳಿಗೆಂದು ಅಂಗೈಯಗಲದ ಮನೆಗಳನ್ನು ಕಟ್ಟಿದಳು. ನಡುನಡುವೆ ನಾಟಕಗಳು. ಹೊಸ ಪರದೆ ಹಳೆಯದಾಗಿ ಕಾಣಬೇಕೆಂದು ನಮ್ಮ ಗ್ಯಾರೇಜಿನಲ್ಲಿ ಅದನ್ನು ಟೀ ನೀರಿನಲ್ಲಿ ಅದ್ದುತ್ತಿದ್ದಳು. ಹಂಡೆಗಟ್ಟಲೆ ಟೀ ಕುದಿಸಿಕೊಡುತ್ತಿದ್ದವಳು ನಾನೇ. ಅವಳ ಪಕ್ಕ ಕೂತು ಬಟ್ಟೆ ಹಿಂಡುವುದು ನನಗೆ ಬಹಳ ಇಷ್ಟವಾಗಿತ್ತು. ಹೊರಗೆ ಹೇಳಿಕೊಳ್ಳಲು ಮಾತ್ರ ನಾಲಿಗೆ ಏಳುತ್ತಿರಲಿಲ್ಲ.

ದಸರೆಗೆ ನಮ್ಮ ಮನೆಯ ಗೊಂಬೆ ಕೂರಿಸುವವಳೂ ಅವಳೇ. ಕಳೆದ ವರ್ಷ ಅರಿಶಿನ ಕುಂಕುಮಕ್ಕೆ ಬಂದ ಹಾಸನದ ಕಡೆಯ ಹಿರಿಯ ಹೆಂಗಸೊಬ್ಬರು ತಾಂಬೂಲ ತೆಗೆದುಕೊಂಡ ಮೇಲೆ ಬ್ಯಾಗಿನಿಂದ ಮಗನ ರೆಸ್ಯೂಮೆ ತೆಗೆದರು. ಅದರ ಮೂಲೆಗೆ ಕುಂಕುಮ ಹಚ್ಚಿ, ಪಟ್ಟದ ಗೊಂಬೆಯ ಮುಂದಿಟ್ಟು ಕೈಮುಗಿದು, ತಂಗಿಯ ಕೈಗೆ ಕೊಟ್ಟರು.

“ನಿನ್ ಕಂಪ್ನೀಲಿ ಒಂದು ರೆಫರ್ ಮಾಡ್ಬಿಡಮ್ಮ. ನೀನು ದೊಡ್ಡ ಇಂಜಿನಿಯರು ಅಂತ ನಿಮ್ಮಕ್ಕ ಹೇಳ್ತಾನೇ ಇರ್ತಾರೆ.”

ತಂಗಿ ಹಾಳೆಯನ್ನು ಪೂರ್ತಿ ಓದಿದಳು. “ಆಂಟಿ, ನಿಮ್ಮಗನಿಗೆ ಮೊಳೆ ಹೊಡ್ಯೋಕೆ ಬರುತ್ತಾ?”

“ಮೊಳೆ ಯಾಕಮ್ಮ? ಅವ್ನು ಸಾಫ್ಟ್‌ವೇರು!”

ಹೆಂಗಸರೆಲ್ಲ ನಕ್ಕರು. ತಂಗಿ ನಗಲಿಲ್ಲ, ನನ್ನ ಮುಖ ನೋಡಿದಳು. ನನ್ನ ಸುಳ್ಳು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ನಾಲ್ಕು ಜನರೆದುರು ಅಕ್ಕನಿಗೆ ಅವಮಾನವಾಗಬಾರದೆಂದು ಇಲ್ಲಿಯವರೆಗೆ ಸುಮ್ಮನಿದ್ದಳು. ಈಗಲೂ ನಾನು ಮಾತು ಮರೆಸಿದರೆ ಮುಂದಿನ ದಸರೆಗೆ ಅವಳು ನನ್ನ ಮನೆಗೆ ಬರುವುದಿಲ್ಲ ಎಂದು ಆ ನೋಟದಲ್ಲೇ ತಿಳಿಯಿತು.

ಕೋಸಂಬರಿಯ ಪಾತ್ರೆ ಕೆಳಗಿಟ್ಟೆ.

“ಅವಳು ಇಂಜಿನಿಯರ್ ಅಲ್ಲ ಆಂಟಿ. ನಾಟಕಕ್ಕೆ ಸೆಟ್ ಹಾಕ್ತಾಳೆ, ಮ್ಯೂಸಿಯಮ್ನಲ್ಲಿ ವಸ್ತು ಜೋಡಿಸ್ತಾಳೆ. ನಾನೇ ಇಷ್ಟು ವರ್ಷ ಸುಳ್ಳು ಹೇಳ್ಕೊಂಡು ಬಂದೆ.”

ಆ ಹಿರಿಯರು ಹಣೆ ಚಚ್ಚಿಕೊಂಡರು. “ಅಯ್ಯೋ, ಮೊದ್ಲೇ ಹೇಳ್ಬಾರ್ದಾ! ಮಗಳ ಮದ್ವೆ ಮಂಟಪ ಕಟ್ಟೋಕೆ ಜನ ಸಿಗದೆ ಒದ್ದಾಡ್ತಿದೀವಿ.”

ಮಂಟಪದ ಹೂವು ಯಾವುದಿರಬೇಕೆಂದು ಹೆಂಗಸರು ತಮ್ಮತಮ್ಮಲ್ಲೇ ಜಗಳಕ್ಕೆ ಬಿದ್ದರು. ನಾನು ತಂಗಿಯ ಹತ್ತಿರ ಹೋಗಿ ಅವಳ ಕೈ ಹಿಡಿದುಕೊಂಡೆ. ಅಂಗೈ ಒರಟಾಗಿತ್ತು, ಉಗುರಿನ ಸಂದಿಯಲ್ಲಿ ಬಣ್ಣವಿತ್ತು.

“ತಪ್ಪಾಯ್ತು ಕಣೇ,” ಎಂದೆ, ಎಲ್ಲರಿಗೂ ಕೇಳಿಸುವ ಹಾಗೆ. “ನಾನು ಓದ್ಲಿಲ್ಲ ಅನ್ನೋ ನಾಚಿಕೇನ ನಿನ್ನ ಕೆಲಸದ ಮೇಲೆ ಹಾಕ್ಬಿಟ್ಟೆ. ನನ್ನ ಕ್ಷಮಿಸ್ಬಿಡು.”