ಒಂದು ಸೈಕಲ್, ಎರಡು ಜೋಡಿ ಮೊಣಕಾಲು

ನಮ್ಮ ಮನೆಯಲ್ಲಿ ಇರುವುದು ಒಂದೇ ಸೈಕಲ್. ಬೆಳಿಗ್ಗೆ ನಾನು ಅದನ್ನು ತುಳಿದುಕೊಂಡು ಪಕ್ಕದ ಊರಿನ ಶಾಲೆಗೆ ಅಡುಗೆ ಮಾಡಲು ಹೋಗುತ್ತೇನೆ. ಮಧ್ಯಾಹ್ನ ನಾನು ಬಂದು ಗೋಡೆಗೆ ಒರಗಿಸಿದ ಮೇಲೆ ನಮ್ಮ ಮನೆಯವರು ಅದೇ ಸೈಕಲ್ ಹತ್ತಿ ಹಳಿಯಾಳದ ಅಕ್ಕಿ ಗಿರಣಿಗೆ ಹೋಗುತ್ತಾರೆ. ಅವರು ಬಾಗಿಲಲ್ಲಿ ತಲೆ ತಗ್ಗಿಸುವಷ್ಟು ಎತ್ತರ, ನಾನು ಅವರ ಭುಜಕ್ಕೂ ಬರುವುದಿಲ್ಲ. ಸೀಟು ದಿನಕ್ಕೆರಡು ಸಲ ಏರಿ ಇಳಿಯುತ್ತದೆ.

ಹೋದ ವರ್ಷ ನನ್ನ ಮೊಣಕಾಲು ಕೈಕೊಟ್ಟವು. ನೆಲದ ಮೇಲೆ ಕೂತು ತರಕಾರಿ ಹೆಚ್ಚಿದರೆ ಏಳಲು ಯಾರಾದರೂ ಕೈ ಹಿಡಿಯಬೇಕು. ಬಸ್ಸಿನ ಸಮಯಕ್ಕೂ ಶಾಲೆಯ ಒಲೆಗೂ ತಾಳೆಯಾಗುವುದಿಲ್ಲ, ಸೈಕಲ್ ಬಿಟ್ಟರೆ ಕೆಲಸವನ್ನೂ ಬಿಡಬೇಕು. ಬಿಟ್ಟು ಮನೆಯಲ್ಲಿ ಕೂರೋಣ ಅನ್ನಿಸಲು ಶುರುವಾಗಿತ್ತಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಸೈಕಲ್ ಅಂಗಡಿಯವನು ನನ್ನಿಂದ ಎರಡು ಸುತ್ತು ತುಳಿಸಿ ನೋಡಿದ.

"ಮೊಣಕಾಲು ಹೊಟ್ಟಿಗೆ ಬಡಿಯಾಕತ್ತೇತಲ್ರಿ ಅಕ್ಕಾರ. ಈ ಕ್ರ್ಯಾಂಕು ನಿಮಗ ಉದ್ದ ಆತು," ಎಂದು ಪೆಡಲನ್ನು ಹಿಡಿದಿರುವ ಕಬ್ಬಿಣದ ತೋಳನ್ನು ಮುಟ್ಟಿ ತೋರಿಸಿದ. "ಒಂದ್ ಇಂಚು ಗಿಡ್ಡಂದು ಹಾಕಿದ್ರ ಆರಾಮ ಆಗ್ತೇತಿ. ಆದ್ರ ಏರಿನ್ಯಾಗ ಜಾಸ್ತಿ ತ್ರಾಣ ಹಾಕಿ ತುಳೀಬೇಕಾಗ್ತೇತಿ ನೋಡ್ರಿ."

ಸೀಟಾದರೆ ಏರಿಸಬಹುದು, ಇಳಿಸಬಹುದು. ಕ್ರ್ಯಾಂಕು ಒಮ್ಮೆ ಹಾಕಿದರೆ ಇಬ್ಬರಿಗೂ ಅದೇ. ಮನೆಗೆ ಬಂದು ಹೇಳಿದೆ.

"ನಿನ್ನ ಅಳತೀಗೆ ಹಾಕ್ಸು. ನನ್ನ ಕಾಲಿಗೇನಾಗೇತಿ," ಎಂದರು ಅವರು, ತಟ್ಟೆಯಿಂದ ತಲೆ ಎತ್ತದೆ.

ಗಿಡ್ಡ ಕ್ರ್ಯಾಂಕು ಹಾಕಿಸಿದ ಒಂದೆರಡು ತಿಂಗಳಲ್ಲಿ ನೋವು ಇಳಿಯಿತು. ದಣಿವು ಹೋಗಲಿಲ್ಲ. ಅದು ಕ್ರ್ಯಾಂಕಿನಿಂದ ಬಂದದ್ದಲ್ಲ. ಆದರೆ ನೆಲದಿಂದ ನಾನೇ ಏಳುತ್ತಿದ್ದೆ. ಅವರು ಮಾತ್ರ ಅರ್ಧ ಗಂಟೆ ಮೊದಲೇ ಹೊರಡತೊಡಗಿದ್ದರು.

"ಚಾದಂಗಡ್ಯಾಗ ಹರಟಿ ಹೊಡ್ಯಾಕ ಹೊತ್ತು ಸಾಲವಲ್ದೇನ್ರಿ?" ಎಂದು ದಿನಾ ಕುಟುಕುತ್ತಿದ್ದೆ. ನಕ್ಕು ಹೋಗುತ್ತಿದ್ದರು.

ಶಾಲೆಗೆ ರಜೆಯಿದ್ದ ಒಂದು ದಿನ ಅವರು ಹೊರಟ ಮೇಲೆ ನಾನೂ ಸಂತೆಗೆಂದು ಹಳಿಯಾಳದ ಬಸ್ ಹತ್ತಿದೆ. ಏರಿನಲ್ಲಿ ಬಸ್ಸು ನಿಧಾನವಾಯಿತು. ಕಬ್ಬಿನ ಗದ್ದೆಯ ಪಕ್ಕ ಅವರು ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ಅದೇ ಏರನ್ನು ಸೀಟಿನಿಂದ ಏಳದೆ ಹತ್ತುತ್ತಿದ್ದ ಮನುಷ್ಯ. ನನಗೆ ನಾಚಿಕೆಯಾಯಿತು. ಅವರಿಗೆ ಕಾಣದಿರಲೆಂದು ಕಿಟಕಿಯಿಂದ ಮುಖ ಒಳಗೆಳೆದುಕೊಂಡೆ.

ಮರುದಿನ ಮಧ್ಯಾಹ್ನ ನಾನೇ ಸೀಟು ಏರಿಸಿ, ಬುತ್ತಿಯನ್ನು ಕ್ಯಾರಿಯರಿಗೆ ಕಟ್ಟಿದೆ.

"ಇವತ್ತ ಬೈಗುಳ ಇಲ್ಲೇನು?" ಎಂದರು.

ಕಾಗದದಲ್ಲಿ ಸುತ್ತಿಟ್ಟಿದ್ದ ಹಳೆಯ ಕ್ರ್ಯಾಂಕು ಮಂಚದ ಕೆಳಗೇ ಇತ್ತು. ಮತ್ತೆ ಅದನ್ನೇ ಹಾಕಿಸೋಣ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಈಗಲೂ ಹೇಳಿಲ್ಲ. ಅವರು ಅರ್ಧ ಗಂಟೆ ಮೊದಲೇ ಹೊರಡುತ್ತಾರೆ, ನಾನು ನೆಲದಿಂದ ಒಬ್ಬಳೇ ಏಳುತ್ತೇನೆ.