ರಾಜಕುಮಾರಿ ಲಾರಿ ಹತ್ತಿದ್ದು

ಹಲ್ಲಿನಕ್ಕ ಅಂದರೆ ನಮ್ಮ ಬೀದಿಯಲ್ಲಿ ಯಾರಾದರೂ ಮನೆ ತೋರಿಸುತ್ತಾರೆ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಅದಕ್ಕೆ ತಕ್ಕ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವಳ ಕೆಲಸ. ಬಸ್ ನಿಲ್ದಾಣದ ಹಿಂದೆ, ಮೆಟ್ಟಿಲು ಹತ್ತಿ ಹೋದರೆ ಸಿಗುವ ಲ್ಯಾಬಿನಲ್ಲಿ, ಕಿಟಕಿಯ ಬೆಳಕಿಗೆ ಕೂತು ಮೇಣದಲ್ಲಿ ಹಲ್ಲು ಜೋಡಿಸುತ್ತಾಳೆ. ಗುಲಾಬಿ ಬಣ್ಣದ ಅಕ್ರಿಲಿಕ್ಕಿನಲ್ಲಿ ಒಸಡು ಮಾಡಿ, ಕೂದಲೆಳೆಯಂಥ ಬ್ರಶ್ಶಿನಿಂದ ಅದರ ಮೇಲೆ ಸಣ್ಣ ಕೆಂಪು ನರಗಳನ್ನು ಬರೆಯುತ್ತಾಳೆ. ಎದುರಿಗೆ ಯಾರು ನಕ್ಕರೂ ಅವಳ ಕಣ್ಣು ಮೊದಲು ಹೋಗುವುದು ಬಾಯಿಗೇ. "ಮೊದಲನೇ ಸಲ ನೋಡಿದಾಗ ನನ್ನ ಮುಖಕ್ಕೆ ಮರುಳಾದ್ಲು ಅಂದ್ಕೊಂಡಿದ್ದೆ. ಕೋರೆಹಲ್ಲು ಅಳೀತಿದ್ಲು ಅಂತ ಆಮೇಲೆ ಗೊತ್ತಾಯ್ತು" ಎಂದು ಗಂಡ ಇವತ್ತಿಗೂ ಆಡಿಕೊಳ್ಳುತ್ತಾನೆ.

ಊರಿಗೆಲ್ಲ ಹಲ್ಲು ಕೊಟ್ಟ ಈ ಹೆಂಗಸಿಗೆ ತನ್ನ ಮನೆಯ ಒಂದು ಬಾಯಿ ಮಾತ್ರ ಒಲಿದಿರಲಿಲ್ಲ. ಅದು ಅತ್ತೆಯದು.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ದೂರದ ಊರುಗಳಿಗೆ ಕರೆ ಜೋಡಿಸಿಕೊಡುವುದರಲ್ಲೇ ಅವರ ವಯಸ್ಸು ಕಳೆದಿತ್ತು. ಅವರ ಗಂಟಲಿನ ಗತ್ತೇ ಬೇರೆ. ಮನೆಯಲ್ಲಿ "ಊಟಕ್ಕೆ ಬನ್ನಿ" ಅಂದರೂ ದೂರದೂರಿಗೆ ಲೈನ್ ಸಿಕ್ಕಿದಷ್ಟು ಸಂತೋಷವಾಗುತ್ತಿತ್ತು. ನಿವೃತ್ತಿಯಾದ ಮೇಲೆ ಹಲ್ಲುಗಳು ಒಂದೊಂದಾಗಿ ಕೈಕೊಟ್ಟವು. 'ಸ' ಅಂದರೆ ಗಾಳಿ ಬರತೊಡಗಿತು. ಒಂದು ದಿನ ಫೋನಿನ ಆ ಕಡೆ ಯಾರೋ, "ಸ್ವಲ್ಪ ಬಿಡಿಸಿ ಹೇಳಿ, ಏನೂ ಅರ್ಥ ಆಗ್ತಿಲ್ಲ" ಅಂದುಬಿಟ್ಟರು. ಅತ್ತೆ ಫೋನಿಟ್ಟು ತಮ್ಮ ಕುರ್ಚಿಗೆ ಹೋಗಿ ಕೂತರು. ಅವತ್ತಿನಿಂದ ಮಾತು ಹೂಂ, ಉಹೂಂಗೆ ಇಳಿಯಿತು. ಮನೆಗೆ ಯಾರಾದರೂ ಬಂದರೆ ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಎದ್ದು ಹೋಗುತ್ತಿದ್ದರು. ಸೊಸೆ ಜೀವ ತೇಯ್ದು ಮಾಡಿದ ಸೆಟ್ಟನ್ನು ಒಂದು ಬೆಳಿಗ್ಗೆ ಹಾಕಿಕೊಂಡು ನೋಡಿ, "ಬಾಯಲ್ಲಿ ಯಾರೋ ಬಾಡಿಗೆಗೆ ಬಂದಂಗಿದೆ ಕಣೆ" ಎಂದು ತೆಗೆದಿಟ್ಟವರು ಮತ್ತೆ ಮುಟ್ಟಲಿಲ್ಲ.

ಹೀಗಿರುವಾಗ ನಾದಿನಿ ಬಂದಳು. ಅತ್ತೆಯ ಮಗಳಾದ ಇವಳಿಗೆ ಗೊಂಬೆ ಸಂಗ್ರಹಿಸುವ ಹುಚ್ಚು. ಆಡುವ ಗೊಂಬೆಗಳಲ್ಲ, ಡಬ್ಬಿ ಸಮೇತ ಗಾಜಿನ ಕಪಾಟಿನಲ್ಲಿಟ್ಟು ನೋಡುವಂಥವು. ಅವತ್ತು ತಂದದ್ದು ಕಿರೀಟ ಇಟ್ಟುಕೊಂಡ ಒಂದು ರಾಜಕುಮಾರಿ. ಕಪಾಟಿನ ಮೂಲೆಯಲ್ಲಿ ಬಿಸಿಲು ಬಿದ್ದು ಬಿದ್ದು ಅವಳ ಅರ್ಧ ಮುಖ ಬಿಳುಚಿಕೊಂಡಿತ್ತು. ಒಂದು ಹುಬ್ಬು ಅಳಿಸಿಯೇ ಹೋಗಿತ್ತು.

"ಅತ್ತಿಗೆ, ಇದು ಇನ್ನು ಕಪಾಟಿಗೆ ಬರಲ್ಲ. ನಿಮ್ಮ ಕೈಯಲ್ಲಿ ಬ್ರಶ್ಶಿದೆ, ಏನು ಬೇಕಾದ್ರೂ ಮಾಡಿ. ಆಗಲಿಲ್ಲ ಅಂದ್ರೆ ಬಿಸಾಕಿ" ಎಂದು ಮೇಜಿನ ಮೇಲಿಟ್ಟು ಹೋದಳು.

ಭಾನುವಾರ ಹಲ್ಲಿನಕ್ಕ ಅದನ್ನು ಕೈಗೆತ್ತಿಕೊಂಡಳು. ಡಬ್ಬಿಯ ಹಿಂದೆ ಗೊಂಬೆಯ ಕಥೆ ಅಚ್ಚಾಗಿತ್ತು: ಅರಮನೆಯಲ್ಲಿ ಒಬ್ಬಳೇ ಇದ್ದಾಳೆ, ರಾಜಕುಮಾರನ ದಾರಿ ಕಾಯುತ್ತಿದ್ದಾಳೆ. ಹಲ್ಲಿನಕ್ಕ ಅದನ್ನು ಗಟ್ಟಿಯಾಗಿ ಓದಿ, ನೇಲ್ ಪಾಲಿಶ್ ತೆಗೆಯುವ ದ್ರವವನ್ನು ಹತ್ತಿಗೆ ಸುರಿದುಕೊಂಡು ಮುಖ ಒರೆಸಿದಳು. ಕಣ್ಣು, ತುಟಿ, ಉಳಿದ ಹುಬ್ಬು ಎಲ್ಲ ಹೋಗಿ, ಮುಖ ಸಿಪ್ಪೆ ಸುಲಿದ ಮೊಟ್ಟೆಯ ಹಾಗಾಯಿತು.

"ಈಗ ಯಾರನ್ನ ಮಾಡೋದು ಇವಳನ್ನ? ಟೀಚರ್ ಮಾಡ್ಲಾ?" ಎಂದು ತನ್ನಷ್ಟಕ್ಕೇ ಅಂದುಕೊಂಡಳು.

"ಉಹೂಂ" ಎಂದಿತು ಹಿಂದಿನ ಕುರ್ಚಿ.

"ನರ್ಸು?"

"ಉಹೂಂ."

"ಮತ್ತೆ ನೀವೇ ಹೇಳಿ ಅತ್ತೆ."

ಅತ್ತೆ ಕತ್ತು ಚಾಚಿ ಗೊಂಬೆಯನ್ನು ನೋಡಿದರು. "ಲಾರಿ ಓಡಿಸ್ಲಿ" ಅಂದರು.

ಹಲ್ಲಿನಕ್ಕನ ಕೈಯಲ್ಲಿದ್ದ ಹತ್ತಿ ಕೆಳಗೆ ಬಿತ್ತು. ಲಾರಿ ಯಾಕೆ ಎಂಬುದು ನಿಧಾನವಾಗಿ ಹೊರಗೆ ಬಂತು. ಎಕ್ಸ್‌ಚೇಂಜಿಗೆ ದಿನ ಬೆಳಗಾದರೆ ಲಾರಿ ಡ್ರೈವರುಗಳ ಕರೆ ಬರುತ್ತಿತ್ತಂತೆ. ಒಬ್ಬ ಘಾಟಿಯಿಂದ, ಇನ್ನೊಬ್ಬ ಬಂದರಿನಿಂದ. ಹಿಂದೆ ಮಳೆಯ ಸದ್ದು, ಹಾರನ್ನು, ಯಾರದೋ ನಗು. "ನಾನು ಅಷ್ಟು ಊರಿಗೆ ಲೈನ್ ಕೊಟ್ಟೆ. ಒಂದನ್ನೂ ನೋಡ್ಲಿಲ್ಲ. ಇವಳಾದ್ರೂ ನೋಡ್ಲಿ."

ಅಲ್ಲಿಂದ ಮುಂದೆ ಭಾನುವಾರ ಬಂತೆಂದರೆ ಮನೆಯ ಹಿಂದಿನ ಕೋಣೆಯಲ್ಲಿ ಇಬ್ಬರದೇ ಕಾರುಬಾರು. ಸೊಸೆ ಬ್ರಶ್ ಹಿಡಿದರೆ ಅತ್ತೆ ಮಗ್ಗುಲಲ್ಲೇ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು.

"ವಯಸ್ಸು ಎಷ್ಟು ಅತ್ತೆ?"

"ಅರವತ್ತು ದಾಟಿದೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಮಾಡಿ ಇಲ್ಲಿ ಗೆರೆ ಬಿದ್ದಿದೆ ನೋಡು. ಕಿಟಕಿ ಕಡೆ ಕೈ ಸ್ವಲ್ಪ ಕಪ್ಪು ಮಾಡು. ಲಾರಿ ಓಡಿಸೋರಿಗೆ ಎರಡು ಕೈ ಒಂದೇ ಬಣ್ಣ ಇರಲ್ಲ."

"ಲಾರಿ ಯಾರದು?"

"ಗಂಡಂದು. ಅವನಿಗೆ ಸೊಂಟ ಹಿಡ್ಕೊಳ್ತು. ಮಾರಿಬಿಡೋಣ ಅಂದ. ಇವಳು, ಕೀ ಇಲ್ಲಿ ಕೊಡು ಅಂದ್ಲು."

"ಕೊಟ್ನಾ?"

"ಕೊಡದೆ ಏನ್ಮಾಡ್ತಾನೆ? ಆಗ್ಲೇ ಹತ್ತಿ ಕೂತಿದ್ಲು!"

ಅತ್ತೆ ಅಂದು ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕರು. ಸೊಸೆ ಅದನ್ನು ಕಂಡೂ ಕಾಣದವಳಂತೆ ಬ್ರಶ್ಶನ್ನು ನೀರಿಗೆ ಅದ್ದಿದಳು.

ಉದ್ದನೆಯ ಚಿನ್ನದ ಕೂದಲು ಕತ್ತರಿಗೆ ಸಿಕ್ಕಿ ಭುಜದ ಮೇಲಕ್ಕೆ ಬಂತು, ಅದಕ್ಕೆ ಬೂದು ಬಣ್ಣ ಬಿತ್ತು. ಹಲ್ಲಿನಕ್ಕನ ಗಂಡನ ಹಳೆಯ ಪ್ಯಾಂಟೊಂದು ಗೊಂಬೆಗೆ ಅಂಗಿಯಾಯಿತು. ಹೊಸ ಪ್ಯಾಂಟನ್ನು ಅವನು ಮುನ್ನೆಚ್ಚರಿಕೆಯಿಂದ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡ. ಉಳಿದದ್ದು ಬಾಯಿ. ಗೊಂಬೆಯ ತುಟಿ ಮುಚ್ಚಿತ್ತು, ಆದರೆ ಈ ಹೆಂಗಸು ಬಾಯಿ ತುಂಬ ನಗುವವಳು ಎಂದು ಅತ್ತೆ ತೀರ್ಮಾನಿಸಿಯಾಗಿತ್ತು. ಹಲ್ಲಿನಕ್ಕ ಲ್ಯಾಬಿನ ಪುಟ್ಟ ಡ್ರಿಲ್ಲಿನಿಂದ ತುಟಿ ಕೊರೆದು, ಸಾಸಿವೆಗಿಂತ ಚಿಕ್ಕ ಹಲ್ಲುಗಳನ್ನು ಮಾಡಿ ಕೂರಿಸಿದಳು.

"ಮುಂದಿನದು ಒಂದು ತೆಗಿ. ಟೈರ್ ಬದಲಿಸುವಾಗ ಜ್ಯಾಕು ಜಾರಿ ಬಡಿದಿದೆ" ಅಂದರು ಅತ್ತೆ.

"ಪಾಪ, ಹಾಗೇ ಬಿಡೋದಾ?"

"ಅವಳಿಗೆ ಅದರ ಮೇಲೆ ಗಮನ ಇಲ್ಲ ಕಣೆ. ಕೆಲಸ ಇದೆ."

ಹೇಳಿದ ಮಾತು ತಮಗೇ ತಟ್ಟಿತೋ ಏನೋ, ಅತ್ತೆ ಗೊಂಬೆಯನ್ನು ಎತ್ತಿಕೊಂಡು ಆ ಸಂದನ್ನು ಬೆರಳಿಂದ ಮುಟ್ಟಿ ನೋಡಿದರು.

ನಾದಿನಿ ಬಂದು ನೋಡಿದವಳು ಮೊದಲು ಕೂಗಿಕೊಂಡಳು. "ಅಮ್ಮಾ, ಏನಿದು! ರಾಜಕುಮಾರಿಗೆ ಮುಪ್ಪು ಬರಿಸಿದ್ದೀರಲ್ಲ!" ಆಮೇಲೆ ಗೊಂಬೆಯನ್ನು ಕಿಟಕಿಯ ಹತ್ತಿರ ಹಿಡಿದು ಕಣ್ಣಿನ ಗೆರೆ ನೋಡಿದಳು, ಎರಡು ಬಣ್ಣದ ಕೈ ನೋಡಿದಳು, ಬೋಳು ಸಂದಿನ ನಗು ನೋಡಿದಳು. ತಾನೂ ನಕ್ಕಳು. "ಅತ್ತಿಗೆ, ನಮ್ಮ ಗೊಂಬೆಯವರೆಲ್ಲ ಸೇರಿ ಲೈಬ್ರರಿ ಹಾಲಿನಲ್ಲಿ ಪ್ರದರ್ಶನ ಇಟ್ಟಿದ್ದೀವಿ. ಇವಳು ಬರಲೇಬೇಕು. ಬಂದವರಿಗೆ ಕಥೆ ಹೇಳೋಕೆ ನೀವು ನಿಂತ್ಕೊಳ್ಳಿ."

"ಕಥೆ ನಂದಲ್ವಲ್ಲ" ಎಂದು ಹಲ್ಲಿನಕ್ಕ ಅತ್ತೆಯ ಕಡೆ ನೋಡಿದಳು.

ಅತ್ತೆ ಗೋಡೆ ನೋಡಿದರು, ಮಗಳನ್ನು ನೋಡಿದರು. ಕೊನೆಗೆ ಕೇಳಿದರು, "ಆ ಸೆಟ್ಟು ಎಲ್ಲಿಟ್ಟಿದ್ದೀಯ?"

ಸುಲಭವಾಗಿ ಒಗ್ಗಲಿಲ್ಲ ಅದು. ಎಡಗಡೆ ಒತ್ತುತ್ತದೆ ಅಂದರೆ ಸೊಸೆ ಅಲ್ಲಿ ಉಜ್ಜುತ್ತಿದ್ದಳು, ಮರುದಿನ ಬಲಗಡೆ. ಅತ್ತೆ ಕನ್ನಡಿಯ ಮುಂದೆ ನಿಂತು, ಒಂದು ಕಾಲಕ್ಕೆ ಬಾಯಿಪಾಠವಾಗಿದ್ದ ಊರಿನ ಹೆಸರುಗಳನ್ನೆಲ್ಲ ಹೇಳಿ ನಾಲಿಗೆ ಪಳಗಿಸಿದರು. ಬೇಸರ ಬಂದಾಗ ತೆಗೆದಿಡುತ್ತಿದ್ದರು. ಸಿಟ್ಟು ಇಳಿದ ಮೇಲೆ ಮತ್ತೆ ಹಾಕಿಕೊಳ್ಳುತ್ತಿದ್ದರು.

ಪ್ರದರ್ಶನದ ದಿನ ಲೈಬ್ರರಿ ಹಾಲಿನ ತುಂಬ ಗಾಜಿನ ಪೆಟ್ಟಿಗೆಗಳು, ಮದುಮಗಳು, ನರ್ತಕಿ, ರಾಣಿ. ಅವುಗಳ ನಡುವೆ ಬೂದುಗೂದಲಿನ ಡ್ರೈವರಮ್ಮ. ಅತ್ತೆ ಶುರು ಮಾಡಿದಾಗ ನಾಲಿಗೆ 'ಸ'ದಲ್ಲಿ ತೊಡರಿತು. ಘಾಟಿ ಹತ್ತುವ ಹೊತ್ತಿಗೆ ಹಿಡಿತ ಸಿಕ್ಕಿತು. ಜ್ಯಾಕಿನ ಕಥೆಗೆ ಬಂದಾಗ ಮೇಲಿನ ಸೆಟ್ಟು ಜಾರಿತು. ಹಲ್ಲಿನಕ್ಕ ಒಂದು ಹೆಜ್ಜೆ ಮುಂದೆ ಬಂದಳು. ಅತ್ತೆ ಹೆಬ್ಬೆರಳಿಂದ ಒತ್ತಿ ಸರಿಮಾಡಿಕೊಂಡು, "ನೋಡಿ, ಇವಳಿಗೆ ಈ ತಾಪತ್ರಯ ಇಲ್ಲ" ಅಂದರು. ಜನ ಗೊಳ್ಳೆಂದು ನಕ್ಕರು, ಅತ್ತೆಯೂ ನಕ್ಕರು. ಕೇಳಿ ಹೋದವರು ಇನ್ನೊಬ್ಬರನ್ನು ಕರೆದುಕೊಂಡು ಬಂದರು. ಮಧ್ಯಾಹ್ನದ ಹೊತ್ತಿಗೆ ಅತ್ತೆಗೆ ಯಾರಾದರೂ ನೀರು ತಂದುಕೊಡಬೇಕಾಯಿತು.

ಅದಾದ ಮೇಲೆ ಹಿಂದಿನ ಕೋಣೆಯ ಬಾಗಿಲು ಭಾನುವಾರ ಮುಚ್ಚಿದ್ದೇ ಇಲ್ಲ. ಕೈ ಮುರಿದದ್ದು, ಬಣ್ಣ ಹೋದದ್ದು, ಸುಮ್ಮನೆ ಬೇಜಾರಾದದ್ದು ಎಂದು ಜನ ಗೊಂಬೆ ತರುತ್ತಾರೆ. ಮುಖ ಮಾಡುವುದು ಸೊಸೆ. ವಿಚಾರಣೆ ಅತ್ತೆಯದು.

ಮೊನ್ನೆ ಒಬ್ಬ ದೊಡ್ಡ ಮೀಸೆಯ ಗಡಿಯಾರ ರಿಪೇರಿಯವನು ಸಂಕೋಚದಿಂದ ಒಂದು ಸಿಪಾಯಿ ಗೊಂಬೆ ತಂದು ಮುಂದಿಟ್ಟ. "ಚಿಕ್ಕವನಿದ್ದಾಗಿಂದ ನನ್ನ ಹತ್ರ ಇದಾನೆ ಅಮ್ಮ. ಇವನಿಗೆ ಯುದ್ಧ ಸಾಕಾಗಿದೆ ಅನ್ಸುತ್ತೆ."

ಅತ್ತೆ ಕುರ್ಚಿ ತೋರಿಸಿದರು. "ಕೂತ್ಕೊಳ್ಳಿ. ಇವನಿಗೆ ನೀರು ಅಂದ್ರೆ ಭಯಾನಾ?"

ಅವನು ಮೀಸೆ ನೀವಿಕೊಂಡು ಯೋಚನೆಗೆ ಬಿದ್ದ. "ಭಯ ಇಲ್ಲ" ಅಂದ ಕೊನೆಗೆ. "ಆದರೆ ಈಜು ಕಲಿಸೋರು ಯಾರೂ ಸಿಕ್ಕಿರ್ಲಿಲ್ಲ."

ಹಲ್ಲಿನಕ್ಕ ನೀಲಿ ಬಣ್ಣದ ಸೀಸೆಯ ಮುಚ್ಚಳ ತೆಗೆದಳು.