ಸ್ಪೀಕರ್ ಗೋಡೆ ಹೊತ್ತ ಕ್ರೇನಣ್ಣ

ಕ್ರೇನಣ್ಣನಿಗೆ ಆ ಹೆಸರಿಟ್ಟವರು ಯಾರೆಂದು ಯಾರಿಗೂ ನೆನಪಿಲ್ಲ. ಆದರೆ ಅದು ಸುಮ್ಮನೆ ಬಂದ ಹೆಸರಲ್ಲ. ಮೀಸೆ ಸರಿಯಾಗಿ ಮೂಡುವ ಮೊದಲೇ ಮಾರುಕಟ್ಟೆಯಲ್ಲಿ ಮೂಟೆಗೆ ಬೆನ್ನು ಕೊಟ್ಟವನು ಅವನು. ಆಮೇಲೆ ಮನೆ ಸಾಮಾನು ಸಾಗಿಸುವ ಲಾರಿಯವರ ಜೊತೆ ಸೇರಿಕೊಂಡ. ಇಬ್ಬರು ಏದುಸಿರು ಬಿಡುತ್ತ ಹತ್ತಿಸಬೇಕಾದ ಕಬ್ಬಿಣದ ಬೀರುವನ್ನು ಒಬ್ಬನೇ ಬೆನ್ನ ಮೇಲೆ ಹೊತ್ತು ಮಹಡಿ ಹತ್ತಿ, "ಎಲ್ಲಿಡ್ಲಿ ಅಮ್ಮಾ?" ಎಂದು ನಿಧಾನವಾಗಿ ಕೇಳುತ್ತಿದ್ದ. ಮನೆಯೊಡತಿ ಕಿಟಕಿ ಪಕ್ಕವೋ ಬಾಗಿಲ ಹಿಂದೆಯೋ ಎಂದು ತೀರ್ಮಾನಿಸುವ ತನಕ ಬೀರು ಅವನ ಬೆನ್ನ ಮೇಲೆಯೇ ಇರುತ್ತಿತ್ತು.

ಹೆಂಡತಿ ಸಿಕ್ಕಿದ್ದೂ ಹೊರೆಯ ಕೆಲಸದಲ್ಲಿಯೇ. ಇಸ್ತ್ರಿ ಅಂಗಡಿಯೊಂದಕ್ಕೆ ಭಾರದ ಮೇಜು ಇಳಿಸಲು ಹೋಗಿದ್ದಾಗ ಅಂಗಡಿಯವರ ಮಗಳು ಕಣ್ಣಿಗೆ ಬಿದ್ದಳು. ಮೇಜು ಇಟ್ಟ ಜಾಗ ಸರಿಯಿಲ್ಲ ಎಂದು ತಾನೇ ಹೇಳಿ, ಅದನ್ನು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಎತ್ತಿಟ್ಟು, ಅವಳು ತಿರುಗಿ ನೋಡುವವರೆಗೂ ಅಂಗಡಿ ಬಿಟ್ಟು ಕದಲಲಿಲ್ಲ. ಕೆಲವರು ಕವಿತೆ ಬರೆದು ಒಲಿಸಿಕೊಳ್ಳುತ್ತಾರೆ. ಇವನು ಮೇಜು ಎತ್ತಿ ಒಲಿಸಿಕೊಂಡ. ಮದುವೆಯಾಯಿತು, ಅಂಗಡಿ ಅವಳ ಕೈಗೆ ಬಂತು, ಆ ಮೇಜು ಈಗಲೂ ಅಲ್ಲಿಯೇ ಇದೆ.

ಲಾರಿ ಕೆಲಸದಿಂದ ಸಂಗೀತ ಕಾರ್ಯಕ್ರಮಗಳ ಸಾಮಾನು ಇಳಿಸುವ ಕೆಲಸಕ್ಕೆ ಬಂದಾಗ ಅವನಿಗೆ ನಡುವಯಸ್ಸು. ಸಂಗೀತ ಎಂದರೆ ಅವನ ಪಾಲಿಗೆ ತೂಕ. ಡ್ರಮ್ ಸೆಟ್ಟು ಬಿಡಿಬಿಡಿಯಾಗಿ ಬರುವುದರಿಂದ ಪರವಾಗಿಲ್ಲ, ಕೀಬೋರ್ಡು ಉದ್ದ ಜಾಸ್ತಿ, ಸ್ಪೀಕರ್ ಪೆಟ್ಟಿಗೆ ಮಾತ್ರ ಜೀವ ಹಿಂಡುತ್ತದೆ. ಅವನಿಗಿದ್ದ ಸಂಗೀತಜ್ಞಾನ ಇಷ್ಟೇ, ಮತ್ತು ಇಷ್ಟರಲ್ಲಿ ಅವನು ಸುಖವಾಗಿಯೇ ಇದ್ದ.

ಆ ಸುಖಕ್ಕೆ ಕಲ್ಲು ಹಾಕಿದ್ದು ಒಂದು ಬಟ್ಟೆ ಒಗೆಯುವ ಯಂತ್ರ. ಪರಿಚಯದವರೊಬ್ಬರ ಮನೆಯ ತಿರುವು ಮೆಟ್ಟಿಲಲ್ಲಿ ಅದನ್ನು ಇಳಿಸುವಾಗ ಸೊಂಟದಲ್ಲಿ ಏನೋ ಕಳಕ್ ಎಂದಿತು. ವೈದ್ಯರು ಒತ್ತಿ ನೋಡಿದರು, ಕಾಲು ಎತ್ತಿಸಿ ನೋಡಿದರು. ಇನ್ನು ಭಾರ ಎತ್ತುವ ಮಾತೇ ಬೇಡ, ಎತ್ತುತ್ತ ಹೋದರೆ ಒಂದು ದಿನ ಕಾಲು ನಿಮ್ಮ ಮಾತು ಕೇಳುವುದಿಲ್ಲ ಎಂದು ನೇರವಾಗಿಯೇ ಹೇಳಿದರು. ಅವನು ತಲೆಯಾಡಿಸಿ, ಸೊಂಟಕ್ಕೆ ಕಟ್ಟುವ ಅಗಲವಾದ ಬೆಲ್ಟ್ ಕೊಂಡು, ಹೆಂಡತಿಗೆ "ಸ್ವಲ್ಪ ಉಳುಕಿದೆ" ಎಂದಷ್ಟೇ ಹೇಳಿ ಮತ್ತೆ ಕೆಲಸಕ್ಕೆ ಹೋದ. ಹೆಡ್ಡತನ ಎಂದರೆ ಇದೇ. ಆದರೆ ಭಾರ ಎತ್ತದ ಕ್ರೇನಿಗೆ ಯಾರಾದರೂ ಕ್ರೇನ್ ಎನ್ನುತ್ತಾರೆಯೇ? ಕೆಲಸ ಹೋಗುತ್ತದೆ ಎಂಬ ಭಯ ಒಂದು ಕಡೆ. ಕೆಲಸ ಹೋದ ಮೇಲೆ ತಾನು ಯಾರು ಎಂಬುದು ಅದಕ್ಕಿಂತ ದೊಡ್ಡ ಭಯ.

ಅಂದಿನಿಂದ ಅವನು ಒಂದು ವಿದ್ಯೆ ಕಲಿತ. ಭಾರ ಎತ್ತುವಾಗ ನಗುವುದು. ಸೊಂಟಕ್ಕೆ ಕಾದ ಕಬ್ಬಿಣ ತಗುಲಿಸಿದಂತಾದರೂ ಮುಖದಲ್ಲಿ ನಗು, ಬಾಯಲ್ಲಿ ಸಿಳ್ಳೆ. ಮೆಟ್ಟಿಲಾದರೆ ಭಾರ ಕಡಿಮೆ ಬೀಳುವ ಮೇಲಿನ ತುದಿ ಹಿಡಿಯುವುದು, ಆದಷ್ಟು ದೂರ ನಿಂತು "ಎಡಕ್ಕೆ, ಇನ್ನೂ ಎಡಕ್ಕೆ" ಎಂದು ದಾರಿ ಹೇಳುವುದು. ಜೊತೆಯವರು ಅಣ್ಣ ಈಚೆಗೆ ಬಹಳ ಖುಷಿಯಾಗಿದ್ದಾನೆ ಎಂದುಕೊಂಡರು. ಅವರಿಗೆಲ್ಲ ಕೆಲಸ ಕೊಡುವ ಗುತ್ತಿಗೆದಾರ ಮಾತ್ರ ಹಾಗೆಂದುಕೊಳ್ಳಲಿಲ್ಲ. ಅವನು ಆಗಾಗ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ.

ಹೀಗಿರುವಾಗ ಊರಿಗೆ ಒಬ್ಬ ಪ್ರಸಿದ್ಧ ರಾಕ್ ಗಿಟಾರ್ ವಾದಕ ಬರುತ್ತಾನೆ ಎಂದಾಯಿತು. ಹೆಂಡತಿಯ ತಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅವನು ಬಸ್ಸಿನ ಕಂಡಕ್ಟರ್. ಟಿಕೆಟ್ ಹರಿಯುವಾಗಲೂ ಬಾಯಲ್ಲಿ ಗಿಟಾರಿನ ಸದ್ದು ಮಾಡುವವನು. ರಾತ್ರಿ ಊಟಕ್ಕೆ ಕೂತಾಗಲೆಲ್ಲ ಭಾವನಿಗೆ ಪಾಠ. ವಾದಕನ ಹತ್ತಿರ ಕಪ್ಪು ಗಿಟಾರು ಒಂದಿದೆ, ಮುಂಗೈ ತಾಗಿ ತಾಗಿ ಅದರ ಬಣ್ಣ ಹೋಗಿ ಮರ ಕಾಣುತ್ತದೆ, ಅದನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲವಂತೆ. ಕೆಂಪು ಗಿಟಾರಿನ ಕುತ್ತಿಗೆ ಒಮ್ಮೆ ಮುರಿದಿತ್ತು, ಅಂಟಿಸಿದ ಮೇಲೆ ದನಿ ಇನ್ನೂ ಚೆನ್ನಾಯಿತಂತೆ. ಎಲ್ಲಕ್ಕಿಂತ ಮಿಗಿಲು ಅವನ ಬೆನ್ನ ಹಿಂದೆ ನಿಲ್ಲುವ ಸ್ಪೀಕರ್ ಗೋಡೆ. ಆಳೆತ್ತರಕ್ಕೂ ಮೇಲೆ, ವೇದಿಕೆಯ ಆ ತುದಿಯಿಂದ ಈ ತುದಿಗೆ, ಕರೀ ಪೆಟ್ಟಿಗೆಗಳು. "ಆ ಗೋಡೆ ಎತ್ತೋದು ಅಂದ್ರೆ ತಮಾಷೆ ಅಲ್ಲ ಭಾವ. ನಿಮ್ಮಂಥೋರಿಗೇ ಸಾಧ್ಯ" ಎಂದು ಅವನು ಹೇಳಿದಾಗ ಕ್ರೇನಣ್ಣ ಸಾರಿನ ಪಾತ್ರೆ ಇತ್ತ ಎಳೆದುಕೊಂಡು ಮಾತು ಬದಲಿಸಿದ.

ಕಾರ್ಯಕ್ರಮದ ದಿನ ಬೆಳಗ್ಗೆ ಮೈದಾನದಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು. ವಾದಕನ ಸಾಮಾನಿಗೆಲ್ಲ ಒಬ್ಬಳೇ ಯಜಮಾನಿ. ನರೆತ ಕೂದಲು, ಕೊರಳಲ್ಲಿ ನೇತಾಡುವ ಕನ್ನಡಕ, ಕೈಯಲ್ಲಿ ಟೇಪಿನ ಸುರುಳಿ. ಎಲ್ಲರೂ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದರು. ಗೋಡೆಯ ಪೆಟ್ಟಿಗೆಗಳನ್ನು ಅವಳ ತಂಡದ ಇಬ್ಬರೇ ಇಳಿಸುವುದು ವಾಡಿಕೆಯಂತೆ. ಅವರಲ್ಲೊಬ್ಬ ಜ್ವರ ಬಂದು ಮಲಗಿದ್ದ. ಗಟ್ಟಿಮುಟ್ಟಾದ, ಬಾಯಿಬಡುಕನಲ್ಲದ ಒಬ್ಬ ಆಳು ಬೇಕು ಎಂದು ಅವಳು ಕೇಳಿದಳು. ಗುತ್ತಿಗೆದಾರ ಇದೇ ಸಮಯ ಎಂಬಂತೆ ಕ್ರೇನಣ್ಣನ ಕಡೆ ಬೆರಳು ತೋರಿಸಿದ.

ಕ್ರೇನಣ್ಣನಿಗೆ ಜೀವ ಬಾಯಿಗೆ ಬಂತು. ಆಗುವುದಿಲ್ಲ ಎಂದರೆ ಗುಟ್ಟು ರಟ್ಟು, ಎತ್ತಿದರೆ ಸೊಂಟ ಖತಂ. ಬೇಲಿಯಾಚೆ ಅಭಿಮಾನಿಗಳು ಆಗಲೇ ಮೊಬೈಲ್ ಹಿಡಿದು ನಿಂತಿದ್ದರು, ಅವರ ನಡುವೆ ರಜೆ ಹಾಕಿ ಬಂದ ಭಾವಮೈದುನನೂ ಇದ್ದ. ದೊಡ್ಡಮ್ಮ ಏನೋ ಹೇಳಲು ಹತ್ತಿರ ಬರುತ್ತಿದ್ದಳು. ಆದರೆ ಧೈರ್ಯ ಇರುವಾಗಲೇ ಮುಗಿಸಿಬಿಡೋಣ ಎಂದು ಇವನು ಕಾಯಲಿಲ್ಲ. ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ಮೊದಲನೇ ಪೆಟ್ಟಿಗೆಯನ್ನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಒಬ್ಬನೇ ಎತ್ತಿದ.

ಪೆಟ್ಟಿಗೆ ಹಾರಿತು. ಹಾರಿತು ಎಂದರೆ ನಿಜವಾಗಿಯೂ ಹಾರಿತು. ಕ್ರೇನಣ್ಣ ಹಿಂದಕ್ಕೆ ಮುಗ್ಗರಿಸಿ, ಸಾಮಾನಿಗೆ ಹೊದಿಸುವ ಕಂಬಳಿಗಳ ರಾಶಿಯ ಮೇಲೆ ಅಂಗಾತ ಬಿದ್ದ. ಪೆಟ್ಟಿಗೆ ಅವನ ಎದೆಯ ಮೇಲೆ ಕೂತಿತು. ಅವನು ಕಣ್ಣು ಮುಚ್ಚಿ ನೋವಿಗಾಗಿ ಕಾದ. ನೋವು ಬರಲಿಲ್ಲ. ಕಣ್ಣು ಬಿಟ್ಟರೆ ಪೆಟ್ಟಿಗೆಯ ಹಿಂಬದಿಯ ಹಲಗೆ ಕಳಚಿಕೊಂಡಿತ್ತು. ಒಳಗೆ ಸ್ಪೀಕರಿಲ್ಲ, ತಂತಿಯಿಲ್ಲ, ಏನೆಂದರೆ ಏನೂ ಇಲ್ಲ. ಆಚೆ ಬದಿಗೆ ಕರೀ ಬಟ್ಟೆ, ಈಚೆ ಬದಿಗೆ ಗಾಳಿ.

ಬೇಲಿಯಾಚೆಯವರು ಭಾರದಡಿ ಸಿಕ್ಕಿಬಿದ್ದ ಎಂದುಕೊಂಡು ಅಯ್ಯೋ ಪಾಪ ಎಂದರು. ದೊಡ್ಡಮ್ಮ ಓಡಿ ಬಂದು ಮೊದಲು ಪೆಟ್ಟಿಗೆಯನ್ನು ಮುಚ್ಚಿದಳು, ಆಮೇಲೆ ಇವನನ್ನು ಲಾರಿಯ ಮರೆಗೆ ಕರೆದುಕೊಂಡು ಹೋದಳು. ಗೋಡೆಯಲ್ಲಿ ಸದ್ದು ಮಾಡುವ ಪೆಟ್ಟಿಗೆ ನಡುವೆ ಒಂದೆರಡು ಮಾತ್ರ, ಅವಕ್ಕೆ ಚಕ್ರದ ಗಾಡಿಯಿದೆ, ಉಳಿದದ್ದೆಲ್ಲ ಖಾಲಿ ಎಂದು ಪಿಸುದನಿಯಲ್ಲಿ ಹೇಳಿದಳು. ಹಿಂದೆ ಎಲ್ಲವೂ ತುಂಬಿದ್ದವಂತೆ. ಆ ಅಬ್ಬರಕ್ಕೆ ವಾದಕನ ಕಿವಿಯೇ ಕೆಟ್ಟಿತು. ವೈದ್ಯರ ಮಾತು ಕೇಳಿ ಒಂದೊಂದಾಗಿ ಖಾಲಿ ಮಾಡುತ್ತ ಬಂದರು. ಯಾರಿಗೂ ಗೊತ್ತಾಗಲಿಲ್ಲ. ಆದರೆ ಗೋಡೆ ಇಲ್ಲದಿದ್ದರೆ ಜನ ಒಪ್ಪುವುದಿಲ್ಲ.

"ಅದಕ್ಕೇ ಇದನ್ನ ಇಬ್ಬರು ಸೇರಿ ಎತ್ತಬೇಕು, ಕಷ್ಟಪಟ್ಟು ಎತ್ತಬೇಕು" ಎಂದಳು. ಆಮೇಲೆ ಅವಳ ಕಣ್ಣು, ಬಿದ್ದಾಗ ಅಂಗಿ ಮೇಲೆ ಸರಿದು ಹೊರಗೆ ಕಂಡ ಬೆಲ್ಟಿನ ಮೇಲೆ ನಿಂತಿತು. "ನೀವು ಇವತ್ತು ಖಾಲಿ ಪೆಟ್ಟಿಗೆ ಬಿಟ್ಟು ಬೇರೇನೂ ಮುಟ್ಟಬೇಡಿ" ಎಂದು ಹೊರಟುಹೋದಳು.

ಕ್ರೇನಣ್ಣನಿಗೆ ಹೋದ ಜೀವ ಬಂದಂತಾಯಿತು. ಲಾರಿಯ ಚಕ್ರಕ್ಕೆ ಒರಗಿ, ಯಾರಿಗೂ ಕಾಣದಂತೆ ಕಣ್ಣು ಒರೆಸಿಕೊಂಡ. ಅಷ್ಟು ಹಗುರಾದ ವಸ್ತುವನ್ನು ಜನ್ಮದಲ್ಲಿ ಎತ್ತಿರಲಿಲ್ಲ ಎಂದು ಅವನಿಗೆ ಅನ್ನಿಸಿತು.

ಕೆಲಸ ಶುರುವಾಯಿತು ನೋಡಿ, ಆಗ ಬಂತು ಹೊಸ ಪೇಚು. ಆ ಇಬ್ಬರಲ್ಲಿ ಉಳಿದಿದ್ದ ಬೋಳುತಲೆಯವನು ಒಂದು ಬದಿ ಹಿಡಿದು ಮುಖ ಕಿವುಚಿ, ಮೊಣಕಾಲು ನಡುಗಿಸಿ, ಆಹಾ, ಏನು ಅಭಿನಯ! ಇವನ ಮುಖದಲ್ಲಿ ಮಾತ್ರ ಅದೇ ಹಲ್ಲುಕಿರಿದ ನಗು. ಇಷ್ಟು ಕಾಲ ಭಾರವನ್ನು ಹಗುರ ಎಂದು ತೋರಿಸಿ ತೋರಿಸಿ ಮುಖಕ್ಕೆ ಅದೊಂದೇ ಅಭ್ಯಾಸವಾಗಿಬಿಟ್ಟಿತ್ತು. ಹೂವೆತ್ತಿದ ಹಾಗೆ ಎತ್ತಬೇಡಿ ಎಂದು ದೊಡ್ಡಮ್ಮ ಹಿಂದಿನಿಂದ ಗದರಿದಳು. ಕ್ರೇನಣ್ಣ ಒಂದು ಕ್ಷಣ ನಿಂತು ಯೋಚಿಸಿದ. ಬಟ್ಟೆ ಒಗೆಯುವ ಯಂತ್ರವನ್ನು ನೆನೆದುಕೊಂಡ. ಅಂದಿನಿಂದ ನುಂಗಿಕೊಂಡಿದ್ದ ನರಳಾಟವನ್ನೆಲ್ಲ ಹೊರಗೆ ಬಿಟ್ಟ. "ಅಮ್ಮಾ" ಎಂದ, "ಅಪ್ಪಾ" ಎಂದ, ಸೊಂಟ ಹಿಡಿದುಕೊಂಡು ನಡುನಡುವೆ ನಿಂತ. ಖಾಲಿ ಪೆಟ್ಟಿಗೆ ಹೊತ್ತು ಮನಸಾರೆ ನರಳಿದ. ಬೋಳುತಲೆಯವನೇ ಬೆರಗಾಗಿ ನೋಡಿದ. ಬೇಲಿಯಾಚೆಯಿಂದ ಭಾವಮೈದುನ, ಅವರು ನಮ್ಮ ಭಾವ, ನಮ್ಮ ಭಾವ ಎಂದು ಅಕ್ಕಪಕ್ಕದವರಿಗೆಲ್ಲ ಹೇಳುತ್ತಿದ್ದ.

ಗೋಡೆ ಎದ್ದು ನಿಂತ ಮೇಲೆ ವಾದಕ ಬಂದ. ಪೋಸ್ಟರಿನಲ್ಲಿ ಸಿಂಹದ ಹಾಗೆ ಕಾಣುವವನು ಹತ್ತಿರದಿಂದ ತೆಳ್ಳಗಿನ ಮುದುಕ, ಕಿವಿಯಲ್ಲಿ ಯಂತ್ರ. ಸ್ಟೂಲಿನ ಮೇಲೆ ಕೂತು ಕಪ್ಪು ಗಿಟಾರನ್ನು ಸ್ವಲ್ಪ ಹೊತ್ತು ನುಡಿಸಿ ನೋಡಿದ. ನೆಲಕ್ಕೆ ತಗುಲಿದಂತಿದ್ದ ಕುಳ್ಳನೆಯ ಸ್ಟ್ಯಾಂಡಿಗೆ ಅದನ್ನು ಜಾರಿಸಿ ನಿಲ್ಲಿಸಿ, ನೀರು ಕುಡಿಯಲು ಎದ್ದ. ಎದ್ದಾಗ ಒಂದು ಕೈ ಸೊಂಟದ ಮೇಲಿತ್ತು. ಕ್ರೇನಣ್ಣ ಆ ಕೈಯನ್ನು ನೋಡಿದ. ಅಂಥ ಕೈಯ ಗುರುತು ಅವನಿಗಿಂತ ಚೆನ್ನಾಗಿ ಯಾರಿಗಿರುತ್ತದೆ?

ನೀರು ಕುಡಿದು ಬಂದ ವಾದಕ ಗಿಟಾರಿನ ಮುಂದೆ ನಿಂತು ಅತ್ತಿತ್ತ ನೋಡಿದ. ದೊಡ್ಡಮ್ಮ ಕಾಣಲಿಲ್ಲ. ಹತ್ತಿರವಿದ್ದವನು ಕ್ರೇನಣ್ಣ ಒಬ್ಬನೇ. ಮೆಟ್ಟಿಲ ಬಳಿ ಗುತ್ತಿಗೆದಾರನೂ ನಿಂತಿದ್ದ.

"ಸ್ವಲ್ಪ ಅದನ್ನ ಎತ್ತಿಕೊಡ್ತೀರಾ? ನನಗೆ ಬಗ್ಗೋಕೆ ಆಗಲ್ಲ" ಎಂದ ವಾದಕ.

ಅಷ್ಟು ದೊಡ್ಡ ಮನುಷ್ಯ ಅಷ್ಟು ಸಲೀಸಾಗಿ, ನಾಚಿಕೆಯಿಲ್ಲದೆ ಆ ಮಾತು ಹೇಳಿದ್ದನ್ನು ಕೇಳಿ ಕ್ರೇನಣ್ಣನ ಬಾಯಿಂದ, ಅವನು ತಡೆಯುವ ಮೊದಲೇ, ಇದು ಬಂತು:

"ನನಗೂ ಆಗಲ್ಲ ಸ್ವಾಮಿ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಇಬ್ಬರೂ ಗಿಟಾರ್ ನೋಡಿದರು. ಅದು ನೆಲದ ಹತ್ತಿರ ಆರಾಮಾಗಿ ಒರಗಿಕೊಂಡಿತ್ತು. ವಾದಕ ಮೊದಲು ನಕ್ಕ. ನಕ್ಕಿದ್ದೇ ತಡ ಅವನ ಸೊಂಟ ಹಿಡಿದುಕೊಂಡಿತು, ಅದಕ್ಕೂ ನಕ್ಕ. ದೊಡ್ಡಮ್ಮ ಬಂದವಳು ಇಬ್ಬರನ್ನೂ ಸೇರಿಸಿ ಬೈದು, ಒಂದೇ ಕೈಯಲ್ಲಿ ಗಿಟಾರ್ ಎತ್ತಿ ವಾದಕನ ಹೆಗಲಿಗೆ ಹಾಕಿದಳು. ಗುತ್ತಿಗೆದಾರ ಮಾತು ಕೇಳಿಸಿಕೊಂಡಿದ್ದ. ಇವನನ್ನು ಬದಲಾಯಿಸಬೇಕೇ ಎಂದು ಅವನು ಕೇಳಿದ್ದಕ್ಕೆ ದೊಡ್ಡಮ್ಮ, ಬೇಡವೇ ಬೇಡ, ಈ ಸುತ್ತಿನ ಕಾರ್ಯಕ್ರಮ ಮುಗಿಯುವ ತನಕ ಗೋಡೆ ಎತ್ತಲು ಇವರೇ ಬೇಕು ಎಂದಳು. ಗಿಟಾರು ಎತ್ತಲಾಗದವನು ಗೋಡೆ ಎತ್ತುತ್ತಾನಲ್ಲ ಎಂದು ಗುತ್ತಿಗೆದಾರ ಬಹಳ ಹೊತ್ತು ತಲೆ ಕೆರೆದುಕೊಂಡ. ಪಾಪ, ಈಗಲೂ ಅವನಿಗದು ಅರ್ಥವಾಗಿಲ್ಲ.

ಮಧ್ಯಾಹ್ನ ಬಿಡುವು ಸಿಕ್ಕಿತು. ಕ್ರೇನಣ್ಣ ಸಿಳ್ಳೆ ಹಾಕುತ್ತ ಇಸ್ತ್ರಿ ಅಂಗಡಿಗೆ ಬಂದ. ಈ ಸಲದ್ದು ನಿಜವಾದ ಸಿಳ್ಳೆ. ಆದರೆ ಭಾವಮೈದುನ ಅವನಿಗಿಂತ ಮೊದಲೇ ಬಂದು, ಭಾವ ಹೇಗೆ ಬಿದ್ದರು, ಒಂದೊಂದು ಪೆಟ್ಟಿಗೆಗೂ ಹೇಗೆ ಒದ್ದಾಡಿದರು, ಹೇಗೆ ಅಮ್ಮಾ ಅಪ್ಪಾ ಎಂದರು ಎಂಬುದನ್ನೆಲ್ಲ ಹೆಮ್ಮೆಯಿಂದ ವರ್ಣಿಸಿದ್ದ. ಹೆಂಡತಿ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ತೆಗೆದು, ಅರ್ಧ ಮಡಿಸಿದ ಹಾಸಿಗೆ ಬಟ್ಟೆಯನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ಇವನು ನೆಟ್ಟಗೆ ನಡೆದು ಬಂದದ್ದನ್ನು ಕಂಡೂ ಅವಳಿಗೆ ನಂಬಿಕೆ ಬರಲಿಲ್ಲ. ತಲೆಯಿಂದ ಕಾಲಿನವರೆಗೆ ನೋಡಿದಳು, ಇನ್ನೊಮ್ಮೆ ನೋಡಿದಳು.

ಕ್ರೇನಣ್ಣ ಭಾವಮೈದುನನನ್ನು ಟೀ ತರಲು ಕಳಿಸಿದ. ಖಾಲಿ ಪೆಟ್ಟಿಗೆಯ ಗುಟ್ಟು ಆ ಹುಚ್ಚು ಅಭಿಮಾನಿಗೆ ತಿಳಿದರೆ ಎದೆಯೊಡೆದು ಹೋದಾನು. ಆಮೇಲೆ ಹೆಂಡತಿಗೆ ಎಲ್ಲ ಹೇಳಿದ. ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ, ನರಳಿದ್ದು ನಾಟಕ ಎಂದ. ಅವಳು ಉಸಿರು ಬಿಟ್ಟಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ಆದರೆ ಬೆಳಗ್ಗೆ ಒಮ್ಮೆ ಬಾಯಿಂದ ಬಂದ ಮಾತು ಎರಡನೇ ಸಲ ಅಷ್ಟು ಕಷ್ಟವಾಗಲಿಲ್ಲ.

"ತುಂಬಿದ ಪೆಟ್ಟಿಗೆ ಆಗಿದ್ರೆ ನನ್ನ ಕೈಲಿ ಆಗ್ತಿರ್ಲಿಲ್ಲ ಕಣೇ. ಇನ್ಮೇಲೆ ಆಗೋದೂ ಇಲ್ಲ. ಡಾಕ್ಟ್ರು ಆಗ್ಲೇ ಹೇಳಿದ್ರು, ನಾನೇ ನಿನಗೆ ಹೇಳ್ಲಿಲ್ಲ."

ಅವಳು ಬಟ್ಟೆಯನ್ನು ಮೇಜಿನ ಮೇಲಿಟ್ಟಳು. ಸಿಟ್ಟಾಗುತ್ತಾಳೆ ಎಂದು ಅವನು ಕಾದ. ಅವಳು ಅಳುತ್ತಿದ್ದಳು, ಆದರೆ ಮುಖ ತುಂಬ ನಿರಾಳವಾಗಿತ್ತು.

"ನಂಗೊತ್ತಿತ್ತು ರೀ. ರಾತ್ರಿ ನೀವು ಮಗ್ಗುಲು ಬದಲಿಸೋಕೆ ಪಡೋ ಪಾಡು ನಂಗೆ ಕಾಣಲ್ವಾ? ಆದ್ರೆ ನಾನಾಗಿ ಕೇಳಿದ್ರೆ, ಏನೂ ಆಗಿಲ್ಲ ನೋಡು ಅಂತ ತೋರಿಸೋಕೆ ಮನೇಲಿರೋ ಬೀರೂನೇ ಎತ್ತಿಬಿಡ್ತಿದ್ರಿ. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ."

ಕ್ರೇನಣ್ಣ ಯೋಚಿಸಿ ನೋಡಿದ. ಅವಳ ಮಾತು ಅಕ್ಷರಶಃ ನಿಜ. ಬೀರುವನ್ನು ಎತ್ತಿಯೇ ಎತ್ತುತ್ತಿದ್ದ, ಎತ್ತಿ ನಗುತ್ತಲೂ ಇದ್ದ. ತನ್ನ ಪೆದ್ದುತನ ಅವನಿಗೇ ತಡೆಯಲಾರದಷ್ಟು ನಗು ತರಿಸಿತು, ನಗುತ್ತಿದ್ದ ಹಾಗೆ ಸೊಂಟ ಚಳಕ್ ಎಂದಿತು. "ಅಯ್ಯೋ, ನೋವು ಕಣೇ" ಎಂದ, ದೊಡ್ಡದಾಗಿ, ಬೀದಿಗೆ ಕೇಳುವ ಹಾಗೆ. ಅವಳು ಮೂಲೆಯಲ್ಲಿದ್ದ ಮರದ ಕುರ್ಚಿಯನ್ನು ದರದರ ಎಳೆದು ತಂದಳು. ಅವನು ನಿಂತಲ್ಲೇ ನಿಂತು, ಎಳೆದು ತರಲು ಬಿಟ್ಟ.